ಅಮೆರಿಕದ ಸಂವಿಧಾನವನ್ನು ಇರೊಕ್ವಾಯ್ ಜನರಿಂದ ನಕಲು ಮಾಡಿದ್ದೇ?

ಅಮೆರಿಕದ ಸಂವಿಧಾನವನ್ನು 'ರೆಡ್ ಇಂಡಿಯನ್' ಬುಡಕಟ್ಟೊಂದರಿಂದ ಕದ್ದಿದ್ದು ಎಂಬ ಸಂದೇಶ ನಿಮಗೂ ಬಂದಿರಬಹುದು. ಮುಂದೆ ಕಳಿಸುವ ಮೊದಲು ಸ್ವಲ್ಪ ನಿಲ್ಲಿ. ಇದರಲ್ಲಿ ಸತ್ಯದ ಒಂದು ಎಳೆಯಿದೆ. ಆದರೆ 'ಕದ್ದಿದ್ದು' ಎನ್ನುವಷ್ಟು ಇಲ್ಲ.

ಇರೊಕ್ವಾಯ್ ಎಂಬುದು ಒಂದು ಬುಡಕಟ್ಟೂ ಅಲ್ಲ. ಈಗಿನ ನ್ಯೂಯಾರ್ಕ್ ರಾಜ್ಯದ ಭಾಗದಲ್ಲಿದ್ದ ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕಾ ಎಂಬ ಐದು ಜನಾಂಗಗಳ ಒಕ್ಕೂಟ ಅದು. 1722ರ ಹೊತ್ತಿಗೆ ಟಸ್ಕರೋರ ಜನರೂ ಸೇರಿ ಆರಾದರು. ಇರೊಕ್ವಾಯ್ ಹೊರಗಿನವರು ಕರೆದ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ಹೌಡೆನೊಸೌನಿ, ಅಂದರೆ ಉದ್ದಮನೆಯ ಜನ. ತೊಗಟೆ ಹೊದಿಸಿದ ಒಂದೊಂದು ಉದ್ದಮನೆಯಲ್ಲೂ ಹಲವು ಕುಟುಂಬಗಳು ಒಟ್ಟಿಗೆ ಬಾಳುತ್ತಿದ್ದವು.

ಸತ್ಯದ ಎಳೆ ಯಾವುದು? 1744ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ನಡೆದ ಮಾತುಕತೆಯಲ್ಲಿ ಒನೊಂಡಾಗ ಮುಖಂಡ ಕನಸಟೆಗೊ, 'ನಮ್ಮಂತೆ ನೀವೂ ಒಂದಾಗಿ' ಎಂಬ ಅರ್ಥದ ಸಲಹೆಯನ್ನು ಬ್ರಿಟಿಷ್ ವಸಾಹತುಗಳಿಗೆ ಕೊಟ್ಟಿದ್ದ. ಆ ಮಾತುಕತೆಯ ವಿವರವನ್ನು ಅಚ್ಚು ಹಾಕಿದವನು ಬೆಂಜಮಿನ್ ಫ್ರಾಂಕ್ಲಿನ್. ಈ 'ಅನಾಗರಿಕರಿಗೆ' ಸಾಧ್ಯವಾದದ್ದು ಇಂಗ್ಲಿಷರಿಗೇಕೆ ಆಗದು ಎಂದು 1751ರ ಪತ್ರವೊಂದರಲ್ಲಿ ಅವನೇ ಕೇಳಿದ್ದಾನೆ. ಮೆಚ್ಚುಗೆಯೂ ಇದೆ, ತಾತ್ಸಾರವೂ ಇದೆ. 1988ರಲ್ಲಿ ಅಮೆರಿಕದ ಸಂಸತ್ತು ಈ ಒಕ್ಕೂಟದ ಕೊಡುಗೆಯನ್ನು ನಿರ್ಣಯವೊಂದರಲ್ಲಿ ಸ್ಮರಿಸಿತು.

ಆದರೆ 1787ರ ಸಂವಿಧಾನ ಸಭೆಯ ಚರ್ಚೆಗಳಲ್ಲಿ ಹೆಚ್ಚಾಗಿ ಕಾಣುವುದು ಬ್ರಿಟಿಷ್ ಕಾನೂನು, ಗ್ರೀಸ್, ರೋಮ್, ಮಾಂಟೆಸ್ಕ್ಯೂ. ಅದಕ್ಕಿಂತ ದೊಡ್ಡ ವ್ಯತ್ಯಾಸ ಹೆಂಗಸರ ವಿಷಯದಲ್ಲಿದೆ. ಹೌಡೆನೊಸೌನಿಗಳಲ್ಲಿ ಕುಲ ತಾಯಿಯಿಂದ ಬರುತ್ತದೆ. ಮಹಾಸಭೆಯ 50 ಮುಖಂಡರನ್ನು ಆರಿಸುವವರು ಕುಲದ ಹಿರಿಯ ತಾಯಂದಿರು, ದಾರಿ ತಪ್ಪಿದವನನ್ನು ಕೆಳಗಿಳಿಸುವವರೂ ಅವರೇ. ಅಮೆರಿಕದ ಸಂವಿಧಾನ ಲಿಂಗದ ಆಧಾರದಲ್ಲಿ ಮತ ನಿರಾಕರಿಸಬಾರದು ಎಂದು ಹೇಳಿದ್ದು 1920ರಲ್ಲಿ! ನಕಲು ಮಾಡಿದ್ದರೆ ಮುಖ್ಯವಾದದ್ದನ್ನೇ ಬಿಟ್ಟರು ಎನ್ನಬೇಕು. ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮಟಿಲ್ಡಾ ಜೋಸ್ಲಿನ್ ಗೇಜ್ 19ನೇ ಶತಮಾನದಲ್ಲೇ ಇದನ್ನು ಗಮನಿಸಿ ಬರೆದಿದ್ದರು.

ಇಂಥ ಸಂದೇಶಗಳಲ್ಲಿ ಬರದ ಸಂಗತಿ ಇನ್ನೊಂದಿದೆ. ಸ್ವಾತಂತ್ರ್ಯ ಯುದ್ಧದಲ್ಲಿ ಒಕ್ಕೂಟ ಒಡೆಯಿತು. ಹೆಚ್ಚಿನವರು ಬ್ರಿಟಿಷರ ಕಡೆ ನಿಂತರು. ಒನೈಡಾ ಮತ್ತು ಟಸ್ಕರೋರರಲ್ಲಿ ಬಹುತೇಕರು ಅಮೆರಿಕನ್ನರ ಕಡೆ. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಆದೇಶದಂತೆ ಸೇನೆ ಸುಮಾರು 40 ಊರುಗಳನ್ನು ಸುಟ್ಟಿತು, ಜೋಳದ ಹೊಲ, ಹಣ್ಣಿನ ತೋಟಗಳನ್ನೂ ಬಿಡಲಿಲ್ಲ. ಅವರ ಭಾಷೆಯಲ್ಲಿ ವಾಷಿಂಗ್ಟನ್‌ಗಿರುವ ಹೆಸರಿನ ಅರ್ಥ 'ಊರು ನಾಶಮಾಡುವವನು'.

ಇವರು ಅಳಿದುಹೋದ ಜನವಲ್ಲ. ಅಮೆರಿಕ, ಕೆನಡಾ ಎರಡರಲ್ಲೂ ಇದ್ದಾರೆ, ತಮ್ಮದೇ ಪಾಸ್‌ಪೋರ್ಟ್ ಕೊಡುತ್ತಾರೆ. ಅದನ್ನು ಬ್ರಿಟನ್ ಒಪ್ಪದ ಕಾರಣ 2010ರಲ್ಲಿ ಅವರ ಲ್ಯಾಕ್ರೋಸ್ ತಂಡ ಅಲ್ಲಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಲಾಗಲಿಲ್ಲ. ಲ್ಯಾಕ್ರೋಸ್ ಹುಟ್ಟಿದ್ದು ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲೇ.