ಜನವರಿ ಒಂದರ ಹುಟ್ಟುಹಬ್ಬ

ನಮ್ಮೂರ ಕಡೆ ಅಪ್ಪಂದಿರ ತಲೆಮಾರಿನವರನ್ನು ಹುಟ್ಟಿದ ತಾರೀಕು ಕೇಳಿ ನೋಡಿ, ಬಹಳ ಜನ ಜೂನ್ 1 ಅಂತಾರೆ. ಎಲ್ಲರೂ ಅವತ್ತೇ ಹುಟ್ಟಿದ್ದರು ಅಂತಲ್ಲ. ಸ್ಕೂಲಿಗೆ ಸೇರಿಸುವಾಗ ಲೆಕ್ಕ ಸರಿಹೋಗಲಿ ಅಂತ ಮೇಷ್ಟ್ರು ಬರೆದುಕೊಂಡ ತಾರೀಕು ಅದು. ಅದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಹೆಚ್ಚೆಂದರೆ ಕೆಲವರು ಕೆಲವು ತಿಂಗಳು ಮೊದಲೇ ರಿಟೈರ್ ಆದರು.

ಉತ್ತರ ಗೋಳಾರ್ಧದ ರೇಸ್ ಕುದುರೆಗಳಿಗೂ ಇಂಥದ್ದೇ ಒಂದು ತಾರೀಕಿದೆ, ಜನವರಿ 1. ಏಪ್ರಿಲ್‌ನಲ್ಲಿ ಹುಟ್ಟಿದರೂ ಅಷ್ಟೇ, ಡಿಸೆಂಬರ್ 31ಕ್ಕೆ ಹುಟ್ಟಿದರೂ ಅಷ್ಟೇ, ಹೊಸ ವರ್ಷ ಬಂದ ಕೂಡಲೇ ಅದಕ್ಕೆ ಒಂದು ವರ್ಷ ತುಂಬಿತು ಅಂತ ಲೆಕ್ಕ. ಮೊದಲು ಇಂಗ್ಲೆಂಡಿನಲ್ಲಿ ಈ ಲೆಕ್ಕ ಮೇ 1ರಿಂದ ಶುರುವಾಗುತ್ತಿತ್ತು. 1830ರ ದಶಕದಲ್ಲಿ ನ್ಯೂಮಾರ್ಕೆಟ್‌ನ ರೇಸ್ ಮಂದಿ ಅದನ್ನು ಜನವರಿ 1ಕ್ಕೆ ಬದಲಾಯಿಸಿದರು. ಹೆಣ್ಣು ಕುದುರೆಗಳ ಪಾಲಿಗೆ ಈ ಬದಲಾವಣೆ ಸಣ್ಣದಾಗಿರಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಬೆದೆಯ ವಿಷಯ ನೋಡಬೇಕು.

ದನ ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಬೆದೆ ಅಂದರೆ ಹೇಳಿಕೊಡಬೇಕಾಗಿಲ್ಲ. ಹಸು ಕೂಗುತ್ತೆ, ಮೇವು ಬಿಡುತ್ತೆ, ಅವತ್ತು ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ವರ್ಷದ ಯಾವ ತಿಂಗಳಲ್ಲಾದರೂ ಅದು ಬೆದೆಗೆ ಬರುತ್ತೆ, ಒಂದು ದಿನದೊಳಗೆ ಮುಗಿಯುತ್ತೆ. ಕುದುರೆ ಹಾಗಲ್ಲ. ಅದಕ್ಕೂ ಹೆಚ್ಚುಕಡಿಮೆ ಇಪ್ಪತ್ತೊಂದು ದಿನದ ಚಕ್ರವೇ, ಆದರೆ ಬೆದೆ ಐದರಿಂದ ಏಳು ದಿನ ಇರುತ್ತೆ. ಆ ದಿನಗಳಲ್ಲಿ ಬಾಲ ಎತ್ತುವುದು, ಪದೇ ಪದೇ ಉಚ್ಚೆ ಹೊಯ್ಯುವುದು, ಕಿರುಚುವುದು, ಸವಾರನ ಮಾತು ಕೇಳದಿರುವುದು ಎಲ್ಲಾ ಇದ್ದದ್ದೇ. ಇನ್ನೊಂದು ವ್ಯತ್ಯಾಸ ಅಂದರೆ, ಈ ಚಕ್ರ ಹಗಲು ದೊಡ್ಡದಾಗುವ ಕಾಲದಲ್ಲಿ ಮಾತ್ರ ಸರಿಯಾಗಿ ತಿರುಗುತ್ತೆ. ಕತ್ತಲಲ್ಲಿ ಮೆದುಳಿನ ಒಂದು ಸಣ್ಣ ಗ್ರಂಥಿ ಮೆಲಟೋನಿನ್ ಸುರಿಸುತ್ತೆ. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಅದು ಹೆಚ್ಚಾಗಿ ಅಂಡಾಶಯ ಮಲಗಿಬಿಡುತ್ತೆ. ಗಬ್ಬ ಹನ್ನೊಂದು ತಿಂಗಳಿನದು. ಹಾಗಾಗಿ ವಸಂತದಲ್ಲಿ ಕಟ್ಟಿದ ಗಬ್ಬದ ಮರಿ ಮುಂದಿನ ವಸಂತದಲ್ಲಿ, ಹಸಿರು ಹುಲ್ಲಿರುವಾಗ ಹುಟ್ಟುತ್ತೆ. ಪ್ರಕೃತಿ ಹಾಕಿಕೊಟ್ಟ ಲೆಕ್ಕ ಇದು.

ಈ ಬೆದೆಯ ಬಗ್ಗೆ ಮನುಷ್ಯನಿಗೆ ಬಹಳ ಹಿಂದೆಯೇ ಗೊತ್ತಿತ್ತು, ಅದನ್ನು ಆಯುಧ ಮಾಡಿಕೊಳ್ಳುವಷ್ಟು. ಸುಮಾರು 3,400 ವರ್ಷಗಳ ಹಿಂದೆ ಈಜಿಪ್ಟಿನ ದೊರೆ ಮೂರನೇ ಥಟ್ಮೋಸ್ ಸಿರಿಯಾದ ಕಾದೇಶ್ ಪಟ್ಟಣದ ಮೇಲೆ ದಂಡೆತ್ತಿ ಹೋದಾಗ, ಅಲ್ಲಿನ ಅರಸ ಈಜಿಪ್ಟಿನ ಸೈನ್ಯದ ನಡುವೆ ಒಂದು ಹೆಣ್ಣು ಕುದುರೆಯನ್ನು ಬಿಟ್ಟನಂತೆ. ಗಂಡು ಕುದುರೆಗಳು ರಥ ಸಮೇತ ಚೆಲ್ಲಾಪಿಲ್ಲಿಯಾಗಲಿ ಅನ್ನೋದು ಉಪಾಯ. ಅಮೆನೆಮ್ಹೆಬ್ ಎಂಬ ಯೋಧ ಓಡಿಹೋಗಿ ಅದನ್ನು ಕೊಂದೆ ಅಂತ ತನ್ನ ಗೋರಿಯ ಗೋಡೆಯ ಮೇಲೆ ಬರೆಸಿಕೊಂಡಿದ್ದಾನೆ. ಮರುಭೂಮಿಯ ಬೆದುಯಿನ್ ಅರಬರು ಇದಕ್ಕೆ ತದ್ವಿರುದ್ಧ. ದಾಳಿಗೆ ಹೋಗುವಾಗ ಹೆಣ್ಣು ಕುದುರೆಯನ್ನೇ ಆರಿಸುತ್ತಿದ್ದರು, ಶತ್ರುವಿನ ಕುದುರೆ ಕಂಡರೂ ಅದು ಗಂಡಿನ ಹಾಗೆ ಕೆನೆದು ಗುಟ್ಟು ಬಿಡುವುದಿಲ್ಲ ಅಂತ. ಅಂದರೆ ಹೆಣ್ಣು ಕುದುರೆ ನಂಬಿಕೆಗೆ ಬಾರದ್ದು ಅನ್ನೋ ಮಾತು ಎಲ್ಲಾ ಕಾಲಕ್ಕೂ, ಎಲ್ಲಾ ಊರಿಗೂ ಇದ್ದದ್ದಲ್ಲ.

ನಮ್ಮಲ್ಲೂ ಕುದುರೆಯ ತಿಳಿವಳಿಕೆ ಹಳೆಯದೇ. ದನಗಳ ಔಷಧದ ಬಗ್ಗೆ ಕೀರ್ತಿವರ್ಮನ 'ಗೋವೈದ್ಯ' ಇದ್ದ ಹಾಗೆ, ಕುದುರೆಗೆ ಅಭಿನವಚಂದ್ರನ 'ಅಶ್ವವೈದ್ಯ' ಕನ್ನಡದಲ್ಲೇ ಇದೆ. ಆದರೆ ಕುದುರೆಯನ್ನು ಸಾಕುವುದು ಬೇರೆ, ಬೇಕಾದಷ್ಟು ಮರಿ ಹುಟ್ಟಿಸುವುದು ಬೇರೆ. ದಕ್ಷಿಣದ ಅರಸರು ಶತಮಾನಗಳ ಕಾಲ ಕುದುರೆಗಳನ್ನು ಹಡಗಿನಲ್ಲಿ ತರಿಸಿದರು. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಅಂತ ಹದಿನಾರನೇ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸಮುದ್ರ ಯಾರ ಕೈಲಿರುತ್ತೋ ಅಶ್ವದಳವೂ ಅವರ ಕೈಲೇ ಅನ್ನೋ ಪರಿಸ್ಥಿತಿ. ಹದಿನೆಂಟನೇ ಶತಮಾನದ ಕೊನೆಗೆ ಟಿಪ್ಪು ಸುಲ್ತಾನ್ ತುಮಕೂರು ಸೀಮೆಯ ಕುಣಿಗಲ್‌ನಲ್ಲಿ ತನ್ನ ಅಶ್ವದಳಕ್ಕಾಗಿ ಕುದುರೆ ಫಾರಂ ಶುರುಮಾಡಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಟಿಪ್ಪು ಹೋದ, ಬ್ರಿಟಿಷರು ಬಂದರು, ಮೈಸೂರು ಮಹಾರಾಜರ ಕಾಲವೂ ಕಳೆಯಿತು. ಕುಣಿಗಲ್‌ನಲ್ಲಿ ಮಾತ್ರ ಮರಿಗಳು ಹುಟ್ಟುತ್ತಲೇ ಇದ್ದವು. ದಂಡಿನ ಕುದುರೆ ಹೋಗಿ ರೇಸ್ ಕುದುರೆ ಬಂತು. ಅದರ ಜೊತೆ ನ್ಯೂಮಾರ್ಕೆಟ್‌ನ ಆ ಜನವರಿ 1 ಕೂಡ ಬಂತು.

ತೊಡಕು ಇಲ್ಲೇ ಇರೋದು. ಮೂರು ವರ್ಷದ ಕುದುರೆಗಳ ಡರ್ಬಿಯಲ್ಲಿ ಜನವರಿಯಲ್ಲಿ ಹುಟ್ಟಿದ್ದಕ್ಕೆ, ಮೇನಲ್ಲಿ ಹುಟ್ಟಿದ್ದಕ್ಕಿಂತ ನಾಲ್ಕು ತಿಂಗಳ ಬೆಳವಣಿಗೆ ಹೆಚ್ಚು. ಹಾಗಾಗಿ ಎಲ್ಲರಿಗೂ ವರ್ಷದ ಮೊದಲಲ್ಲೇ ಮರಿ ಬೇಕು. ಅದಕ್ಕೆ ಹಿಂದಿನ ಫೆಬ್ರವರಿಯಲ್ಲೇ ಗಬ್ಬ ಕಟ್ಟಬೇಕು. ಯುರೋಪಿನ ಫೆಬ್ರವರಿಯಲ್ಲಿ ಅಂಡಾಶಯ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಅರೆ ಎಚ್ಚರದ ಆ ವಾರಗಳಲ್ಲಿ ಬೆದೆಯ ಲಕ್ಷಣ ಇರುತ್ತೆ, ಅಂಡಾಣು ಬಿಡುಗಡೆಯಾಗಿರುವುದಿಲ್ಲ. ಒಂದು ದಿನ ಗಂಡಿನ ಹತ್ತಿರ ಹೋಗುತ್ತೆ, ಮರುದಿನ ಒದೆಯುತ್ತೆ. ನೋಡುವವರಿಗೆ ಇದು ಹುಚ್ಚಾಟ. ನನ್ನಂಥ ಸಾಫ್ಟ್‌ವೇರ್ ಮಂದಿಗೆ ಈ ಸಮಸ್ಯೆ ಪರಿಚಿತವೇ. ಎರಡು ಗಡಿಯಾರಗಳು ತಾಳೆಯಾಗುತ್ತಿಲ್ಲ, ಬೈಗುಳ ಮಾತ್ರ ಮೆಷೀನಿಗೆ.

ಪರಿಹಾರವೂ ಬೆಳಕಿನಿಂದಲೇ ಬಂತು. 1947ರಲ್ಲಿ ಬರ್ಕ್‌ಹಾರ್ಟ್ ಎಂಬ ವಿಜ್ಞಾನಿ, ಚಳಿಗಾಲದಲ್ಲಿ ದೀಪ ಹಾಕಿದರೆ ಹೆಣ್ಣು ಕುದುರೆ ಬೇಗ ಬೆದೆಗೆ ಬರುತ್ತೆ ಅಂತ ತೋರಿಸಿದರು. ಇವತ್ತಿಗೂ ಚಳಿದೇಶಗಳ ಫಾರಂಗಳಲ್ಲಿ ಡಿಸೆಂಬರ್ ಶುರುವಾಗುತ್ತಲೇ ಲಾಯದಲ್ಲಿ ಲೈಟು ಹಾಕಿ, ಹಗಲನ್ನು ಹದಿನಾರು ಗಂಟೆಗೆ ಹಿಗ್ಗಿಸುತ್ತಾರೆ. ಎರಡು ತಿಂಗಳಾದ ಮೇಲೆ ಫಲ ಸಿಗುತ್ತೆ. ಒಂದು ಕಣ್ಣಿಗೆ ಮಾತ್ರ ನೀಲಿ ಬೆಳಕು ಬೀಳಿಸುವ ಮುಖವಾಡಗಳೂ ಬಂದಿವೆ.

ನಾನಿರುವ ಜಕ್ಕೂರಿನಲ್ಲಿ ಈ ಲೆಕ್ಕ ಬೇರೆಯಾಗುತ್ತೆ. ನ್ಯೂಮಾರ್ಕೆಟ್‌ನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂಬತ್ತು ಗಂಟೆ ವ್ಯತ್ಯಾಸ. ನಮ್ಮ ಕೆರೆ ಏರಿಯ ಮೇಲೆ ನಿಂತು ಲೆಕ್ಕ ಹಾಕಿದರೆ ಬರೀ ಒಂದೂವರೆ ಗಂಟೆ. ಡಿಸೆಂಬರ್‌ನಲ್ಲೂ ಇಲ್ಲಿ ಹಗಲು ಹನ್ನೊಂದು ಗಂಟೆಗಿಂತ ಕಮ್ಮಿಯಾಗುವುದಿಲ್ಲ. ಕುಣಿಗಲ್ ಕೂಡ ಇದೇ ಅಕ್ಷಾಂಶ. ಭೂಮಧ್ಯರೇಖೆಗೆ ಹತ್ತಿರವಾದಷ್ಟು ಕುದುರೆಯ ಚಳಿಗಾಲದ ನಿದ್ದೆ ತೆಳುವಾಗುತ್ತೆ, ಮೇವು ಮತ್ತು ಮೈಯ ಸ್ಥಿತಿಯ ಪಾಲು ಹೆಚ್ಚುತ್ತೆ. ಹಾಗಾಗಿ ಇಂಗ್ಲಿಷ್ ಪುಸ್ತಕ ನೋಡಿ 'ಇದು ವಸಂತದ ಹಠ' ಅಂತ ಇಲ್ಲಿಯ ಕುದುರೆಗೆ ಹಣೆಪಟ್ಟಿ ಹಚ್ಚುವ ಮೊದಲು ಸ್ವಲ್ಪ ಯೋಚಿಸಬೇಕು.

ಯಾಕೆಂದರೆ ಆ ಹಣೆಪಟ್ಟಿಗೆ ಬೆಲೆ ತೆರುವುದು ಕುದುರೆಯೇ. ಸವಾರಿಯಲ್ಲಿ ಬೆದೆ ಅಡ್ಡಿಯಾಗದಿರಲಿ ಅಂತ ಗರ್ಭಕೋಶದೊಳಗೆ ಗಾಜಿನ ಗೋಲಿ ಇಡುವ ಪದ್ಧತಿ ಇತ್ತು. ಎಲ್ಲಾ ಕುದುರೆಗಳಲ್ಲೂ ಅದು ಕೆಲಸ ಮಾಡಲಿಲ್ಲ, ಕೆಲವು ಗೋಲಿಗಳು ಒಳಗೇ ಒಡೆದವು. ವೈದ್ಯರು ಈಗ ಅದನ್ನು ಬೇಡ ಅಂತಾರೆ. ಆಲ್ಟ್ರೆನೊಜೆಸ್ಟ್ ಎಂಬ ಹಾರ್ಮೋನು ಔಷಧ ದಿನಾ ಬಾಯಿಗೆ ಹಾಕಿದರೆ ಬೆದೆಯನ್ನು ತಡೆಯುತ್ತೆ. ಆದರೆ ಅದು ಮನುಷ್ಯರ ಚರ್ಮದಿಂದಲೂ ಒಳಗಿಳಿಯುತ್ತೆ. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು, ಉಳಿದವರು ಗ್ಲೌಸ್ ಇಲ್ಲದೆ ಮುಟ್ಟಬಾರದು. ಅದಕ್ಕಿಂತ ದೊಡ್ಡ ವಿಷಯ, ಬೆದೆ ಅಂತ ದೂರಿದ ವರ್ತನೆಗೆ ಎಷ್ಟೋ ಸಲ ಕಾರಣ ಹೊಟ್ಟೆಯ ಹುಣ್ಣು, ಬೆನ್ನು ನೋವು, ಸರಿಯಾಗಿ ಕೂರದ ಜೀನು, ಅಪರೂಪಕ್ಕೆ ಅಂಡಾಶಯದ ಗಡ್ಡೆ. ಆಗ ಬೆದೆಯನ್ನು ತಡೆದರೆ ನೋವು ಹೋಗುವುದಿಲ್ಲ, ಒಳಗೇ ಉಳಿಯುತ್ತೆ.

ಇದಕ್ಕೆ ಪಶುವೈದ್ಯರು ಹೇಳುವ ಮೊದಲ ಉಪಾಯಕ್ಕೆ ಕಾಸೂ ಬೇಡ, ಒಂದು ನೋಟ್‌ಬುಕ್ ಸಾಕು. ಯಾವ ದಿನ ಒದ್ದಿತು, ಯಾವ ದಿನ ಶಾಂತವಾಗಿತ್ತು ಅಂತ ಎರಡು ಮೂರು ತಿಂಗಳು ಬರೆಯಿರಿ. ಇಪ್ಪತ್ತೊಂದು ದಿನಕ್ಕೊಮ್ಮೆ ಮರಳಿ ಬಂದರೆ ಬೆದೆ ಇರಬಹುದು, ವೈದ್ಯರು ಅಂಡಾಶಯ ಸ್ಕ್ಯಾನ್ ಮಾಡಿ ಖಚಿತಪಡಿಸುತ್ತಾರೆ. ದಿನಾ ಇದ್ದರೆ ಅದು ಮಾಮೂಲಿ ಬೆದೆಯಲ್ಲ, ಎಲ್ಲೋ ನೋಯುತ್ತಿರಬಹುದು. ಕುದುರೆಗೆ ಯಾವ ಹುಟ್ಟುಹಬ್ಬ ಬೇಕಾದರೂ ಕೊಟ್ಟುಕೊಳ್ಳಿ, ಔಷಧ ಕೊಡುವ ಮೊದಲು ಆ ನೋಟ್‌ಬುಕ್ ಒಮ್ಮೆ ತೆರೆದು ನೋಡಿ.