ಬಸಿ

ನೀರು ತಾನಾಗಿ ಜಿನುಗಿ ಹೋದರೂ ಬಸಿಯುವುದೇ, ನಾವು ಪಾತ್ರೆ ಬಗ್ಗಿಸಿ ಹರಿಸಿದರೂ ಬಸಿಯುವುದೇ. ತೋಟದಲ್ಲಿ ಹೆಚ್ಚಾದ ನೀರು ಹೋಗಲು ತೋಡುವ ಬಸಿಗಾಲುವೆ ಮೊದಲನೆಯ ಅರ್ಥದ್ದು. ಎರಡನೆಯದರ ಜಾಗ ಅಡುಗೆಮನೆ.

ಅನ್ನ ಬೆಂದ ಮೇಲೆ ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ, ಎರಡನ್ನೂ ಬಟ್ಟೆಯಿಂದ ಬಿಗಿಯಾಗಿ ಹಿಡಿದು ಓರೆ ಮಾಡಿದರೆ ಸಣ್ಣ ಸಂದಿಯಿಂದ ಗಂಜಿ ಇಳಿಯುತ್ತದೆ, ಅಗುಳು ಒಳಗೇ ಉಳಿಯುತ್ತದೆ. ಕುಕ್ಕರ್ ಬಂದ ಮೇಲೆ ಈ ಕೆಲಸ ಕಡಿಮೆಯಾಯಿತು. ಜೊತೆಗೆ ಪದವೂ ಸವೆಯುತ್ತಿರುವುದು ಬೇಸರದ ಸಂಗತಿ. ಹಳೇ ಮೈಸೂರು ಸೀಮೆಯ ಬಸ್ಸಾರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಬಸಿದ ಸಾರೇ ಬಸ್ಸಾರು. ಸೊಪ್ಪು, ಕಾಳು ಬೇಯಿಸಿದ ಕಟ್ಟನ್ನು ಬಸಿದುಕೊಂಡು, ಖಾರ ಅರೆದು ಹಾಕಿ ಕುದಿಸಿದರೆ ಮುದ್ದೆಗೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇಷ್ಟು ಜಾಣತನದ ಅಡುಗೆ ಇನ್ನೊಂದಿಲ್ಲ.

ಸೋಸುವುದು ಬೇರೆ, ಅದಕ್ಕೆ ಬಟ್ಟೆಯೋ ಜಾಲರಿಯೋ ಬೇಕು. ಬಸಿಯಲು ಬೇಕಾದದ್ದು ತಾಳ್ಮೆ ಮತ್ತು ಹದವಾದ ಕೈ. ಕಾಯಿಸಿದ ತುಪ್ಪದ ಗಸಿ ತಳಕ್ಕೆ ಕೂರುವವರೆಗೆ ಕಾದು, ಮೇಲಿನ ತಿಳಿಯನ್ನಷ್ಟೇ ಮೆಲ್ಲಗೆ ಬಗ್ಗಿಸಿಕೊಳ್ಳಬೇಕು. ಪಾತ್ರೆ ಅಲುಗಿದರೆ ಗಸಿ ಮತ್ತೆ ಮೇಲೇಳುತ್ತದೆ.