ಸೂಜಿ ಹೋಗಿ ಬರುವ ದಾರಿ: ಕಸೂತಿಯ ಗವಂತಿ ಹೊಲಿಗೆಯ ಒಳತರ್ಕ

ಕಸೂತಿಯನ್ನು ಕುರಿತ ಬರಹಗಳಲ್ಲಿ ಎರಡು ಮಾತು ತಪ್ಪದೆ ಬರುತ್ತವೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆ ಎಣಿಸಿಯೇ ಹೊಲಿಯುತ್ತಾರೆ ಎಂಬುದು ಒಂದು, ಹೊಲಿದದ್ದು ಬಟ್ಟೆಯ ಎರಡೂ ಮುಖದಲ್ಲಿ ಒಂದೇ ತೆರನಾಗಿ ಕಾಣುತ್ತದೆ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ತಕರಾರಿಲ್ಲ. ಎರಡನೆಯದು ಅರ್ಧ ಮಾತ್ರ ನಿಜ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ರೂಢಿಯಲ್ಲಿರುವ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರಗಿಗೆ ಮಾತ್ರ ಈ ಗುಣವುಂಟು. ಉಳಿದೆರಡರಲ್ಲಿ ಒಂದಾದ ನೇಯ್ಗಿಯಲ್ಲಿ ದಾರ ಮೇಲೆ ಹಾಯ್ದಲ್ಲಿ ಕೆಳಗೆ ಬಯಲು, ಕೆಳಗೆ ಹಾಯ್ದಲ್ಲಿ ಮೇಲೆ ಬಯಲು; ಹಾಗಾಗಿ ಹಿಂಬದಿಯಲ್ಲಿ ಚಿತ್ತಾರ ತಿರುವುಮುರುವಾಗುತ್ತದೆ. ಅಗಲ ಜಾಗ ತುಂಬಲು ಬಳಸುವ ಮೆಂತಿ ಒಂದರ ಮೇಲೊಂದು ಹಾಯುವ ಗೆರೆಗಳ, ಕತ್ತರಿ ಆಕಾರದ ಹೊಲಿಗೆ. ಸಾಮಾನ್ಯವಾಗಿ ಹಾಕಿದಾಗ ಅದರ ಬೆನ್ನಿನಲ್ಲಿ ಕತ್ತರಿ ಆಕಾರ ಮೂಡುವುದೇ ಇಲ್ಲ.

ಹಾಗಾದರೆ ಗವಂತಿ, ಮುರಗಿಗಳಲ್ಲಿ ಎರಡು ಮುಖ ಹೇಗೆ ಸಮನಾಗುತ್ತವೆ? ಇದಕ್ಕೆ ‘ಹೆಂಗಸರ ಕೈಚಳಕ’ ಎಂದು ಉತ್ತರಿಸಿ ಮುಂದೆ ಸಾಗುವ ಅಭ್ಯಾಸ ನಮ್ಮಲ್ಲಿದೆ. ಹೊಗಳಿಕೆಯಂತೆ ಕೇಳಿಸುವ ಈ ಉತ್ತರ ಅವರ ಬುದ್ಧಿಯನ್ನು ಲೆಕ್ಕದಿಂದ ಹೊರಗಿಡುತ್ತದೆ. ಗವಂತಿಯ ಹಿಂದೆ ಖಚಿತವಾದ ಒಂದು ನಿಯಮವಿದೆ, ಅದನ್ನು ಬಿಡಿಸಿ ತೋರಿಸಬಹುದು ಎಂಬುದು ಈ ಲೇಖನದ ವಾದ.

ಕೂಡಿಸುವ ಗುರುತಿನಂಥ ನಾಲ್ಕು ತೋಳಿನ ಚಿಕ್ಕ ಆಕೃತಿಯನ್ನು ತೆಗೆದುಕೊಳ್ಳೋಣ. ಒಂದೊಂದು ತೋಳೂ ನಾಲ್ಕು ಎಳೆ ಉದ್ದದ ಒಂದೇ ಹೊಲಿಗೆ. ಕೆಳತೋಳಿನ ತುದಿಯಲ್ಲಿ ಸೂಜಿಯನ್ನು ಮೇಲಕ್ಕೆ ಎಳೆದು, ನಾಲ್ಕು ಎಳೆ ಎಣಿಸಿ ನಡುವಿನಲ್ಲಿ ಚುಚ್ಚಿದರೆ ಕೆಳತೋಳು ಮುಂಬದಿಯಲ್ಲಿ ಮೂಡಿತು. ಈಗ ದಾರ ಬಟ್ಟೆಯ ಹಿಂದಿದೆ. ಹಿಂದಿನಿಂದಲೇ ಎಡತೋಳಿನ ಉದ್ದಕ್ಕೆ ಸಾಗಿ ಅದರ ತುದಿಯಲ್ಲಿ ಮೇಲೆದ್ದು, ಮುಂಬದಿಯಲ್ಲಿ ನಡುವಿಗೆ ಮರಳಬೇಕು. ಮತ್ತೆ ಹಿಂದಿನಿಂದ ಮೇಲ್ತೋಳು, ಮುಂದಿನಿಂದ ವಾಪಸು. ಬಲತೋಳಿಗೂ ಇದೇ ಕ್ರಮ. ಕೊನೆಗೆ ನಡುವಿನಿಂದ ಕೆಳತೋಳಿನ ಬೆನ್ನಿಗುಂಟ ಹೊರಟಲ್ಲಿಗೇ ಬಂದು ಸೇರುತ್ತೇವೆ. ಒಟ್ಟು 8 ಹೊಲಿಗೆ: ಮುಂದೆ 4, ಹಿಂದೆ 4. ಎಲ್ಲಿಯೂ ಗೆರೆಯ ಮೇಲೆ ಗೆರೆ ಬಿದ್ದಿಲ್ಲ, ಎಲ್ಲಿಯೂ ಖಾಲಿ ಉಳಿದಿಲ್ಲ. ಗಂಟಿನ ಅಗತ್ಯವೂ ಇಲ್ಲ, ಶುರುವಿನ ಬಾಲವನ್ನೂ ಕೊನೆಯ ಬಾಲವನ್ನೂ ಹೊಲಿಗೆಗಳ ಅಡಿಯಲ್ಲೇ ಹುದುಗಿಸಬಹುದು.

ಒಂದು ಕವಲನ್ನು ಹೊಕ್ಕವರು ಅದೇ ದಾರಿಯಲ್ಲಿ ತಿರುಗಿ ಬರಬೇಕು ಎಂಬುದೇ ಇಲ್ಲಿನ ನಿಯಮ. ಒಂದು ಗೆರೆಯನ್ನು ಮೊದಲ ಸಲ ದಾಟಿದ ಮೇಲೆ ಅದಕ್ಕೆ ಮರಳುವಷ್ಟರಲ್ಲಿ ನಡುವೆ ಬಿದ್ದ ಹೊಲಿಗೆಗಳೆಲ್ಲ ಹೋಗಿ-ಬಂದವು, ಅಂದರೆ ಜೋಡಿಜೋಡಿ. ಆದ್ದರಿಂದ ಅವುಗಳ ಸಂಖ್ಯೆ ಯಾವಾಗಲೂ ಸಮ. ಸೂಜಿ ಮುಂದೆ-ಹಿಂದೆ ಸರದಿಯಂತೆ ಚಲಿಸುವುದರಿಂದ, ಎರಡನೆಯ ಸಲ ಆ ಗೆರೆ ತಾನಾಗಿಯೇ ಎದುರು ಮುಖದಲ್ಲಿ ಬೀಳುತ್ತದೆ. ಪ್ರತಿ ಹೊಲಿಗೆಯಲ್ಲೂ ‘ಇದು ಮುಂದೋ ಹಿಂದೋ’ ಎಂದು ಲೆಕ್ಕ ಇಡಬೇಕಾಗಿಲ್ಲ. ದಾರಿ ಸರಿಯಿದ್ದರೆ ಮುಖ ಸರಿಯಿರುತ್ತದೆ.

ಮುಚ್ಚಿದ ಆಕೃತಿಗಳಲ್ಲಿ ಈ ನಿಯಮದ ಬಿಗಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನಾಲ್ಕು ಹೊಲಿಗೆಯ ಚೌಕವನ್ನು ಒಂದು ಸುತ್ತು ಹೊಲಿದು, ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೊರಟರೆ ಐದನೆಯ ಹೊಲಿಗೆ ಮೊದಲನೆಯದರ ಮೇಲೆಯೇ ಕೂರುತ್ತದೆ, ಕೆಲಸ ಕೆಟ್ಟಂತೆ. ಸುತ್ತು ಮುಗಿದಲ್ಲಿ ದಿಕ್ಕು ತಿರುಗಿಸಿ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಡಬೇಕು. ಮೂರು ಹೊಲಿಗೆಯ ತ್ರಿಕೋನವಾದರೆ ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿದರೂ ನಡೆಯುತ್ತದೆ, ಮೂರು ಬೆಸಸಂಖ್ಯೆಯಲ್ಲವೆ! ಗೋಪುರ, ತುಳಸಿ ಬೃಂದಾವನ, ತೇರುಗಳಂಥ ಚಿತ್ತಾರಗಳಲ್ಲಿ ಚೌಕದೊಳಗೆ ಚೌಕ, ಮೆಟ್ಟಿಲ ಮೇಲೆ ಮೆಟ್ಟಿಲು ಹೆಣೆದುಕೊಂಡಿರುತ್ತವೆ. ಅವುಗಳಲ್ಲಿ ಎಲ್ಲಿ ತಿರುಗಬೇಕು, ಯಾವ ಕವಲನ್ನು ಹೋಗುವಾಗ ಮುಗಿಸಬೇಕು, ಯಾವುದನ್ನು ಬರುವಾಗ ಮುಗಿಸಲು ಉಳಿಸಿಕೊಳ್ಳಬೇಕು ಎಂಬ ತೀರ್ಮಾನವೇ ನಿಜವಾದ ವಿದ್ಯೆ. ಹೋಗುವಾಗ ಮರೆತ ಕವಲನ್ನು ಬರುವಾಗ ಹಿಡಿಯಬಹುದು. ಆಗಲೂ ಮರೆತರೆ ಹೊಸ ದಾರ ಪೋಣಿಸದೆ ಗತ್ಯಂತರವಿಲ್ಲ.

ಗಣಿತದಲ್ಲಿ ಇದಕ್ಕೊಂದು ನೆಂಟಸ್ತಿಕೆಯಿದೆ. ಕೋನಿಗ್ಸ್‌ಬರ್ಗ್ ನಗರದ 7 ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತುವುದು ಸಾಧ್ಯವಿಲ್ಲವೆಂದು ಲಿಯೊನ್‌ಹಾರ್ಡ್ ಆಯ್ಲರ್ 1735ರಲ್ಲಿ ತೋರಿಸಿದ. ಒಂದೊಂದು ಸೇತುವೆಯನ್ನೂ ಎರಡೆರಡು ಸಲ ದಾಟಬಹುದೆಂದರೆ ತೊಡಕು ಬಗೆಹರಿಯುತ್ತದೆ: ಬಿಡಿ ತುಂಡುಗಳಿಲ್ಲದ ಯಾವ ನಕ್ಷೆಯನ್ನಾದರೂ ಪೂರ್ತಿ ಸುತ್ತಿ ಹೊರಟಲ್ಲಿಗೆ ಬರಬಹುದು. ಗವಂತಿ ಮಾಡುವುದು ಇದನ್ನೇ, ಮೇಲಾಗಿ ‘ಎರಡು ಸಲ ಎರಡು ಮುಖದಲ್ಲಿ’ ಎಂಬ ಷರತ್ತನ್ನೂ ಹೊತ್ತುಕೊಂಡು. ಆಕೃತಿ ಎಷ್ಟೇ ಜಟಿಲವಾಗಿರಲಿ, ಅದು ಒಡೆಯದೆ ಕೂಡಿಕೊಂಡಿದ್ದರೆ ಸಾಕು. ನವಿಲಿನ ಕಣ್ಣನ್ನು ತಲೆಗೆ ತಾಗದಂತೆ ಬಿಡಿಯಾಗಿ ಇಡುವುದು ಮಾತ್ರ ಅದೇ ದಾರಕ್ಕೆ ಆಗದ ಕೆಲಸ, ಏಕೆಂದರೆ ಅಲ್ಲಿಗೆ ದಾಟುವ ದಾರ ಹಿಂಬದಿಯಲ್ಲಿ ಉಳಿದುಬಿಡುತ್ತದೆ.

ಇದೇ ಹೊಲಿಗೆ ಯುರೋಪಿನಲ್ಲೂ ಇತ್ತು. ಹಾನ್ಸ್ ಹೋಲ್ಬೈನ್ 1536ರ ಸುಮಾರಿಗೆ ಬಿಡಿಸಿದ ಇಂಗ್ಲೆಂಡಿನ ರಾಣಿ ಜೇನ್ ಸೀಮರಳ ಭಾವಚಿತ್ರದಲ್ಲಿ ತೋಳಿನ ಅಂಚಿಗೆ ಕಪ್ಪು ದಾರದ ಇಂಥ ಕೆಲಸ ಕಾಣುತ್ತದೆ, ಅಲ್ಲಿ ಹೊಲಿಗೆಗೆ ಆ ಚಿತ್ರಕಾರನ ಹೆಸರೇ ಅಂಟಿಕೊಂಡಿದೆ. ಹಾಗೆಂದು ಅಲ್ಲಿಂದ ಇಲ್ಲಿಗೋ ಇಲ್ಲಿಂದ ಅಲ್ಲಿಗೋ ಹೋಯಿತೆಂದು ವಂಶಾವಳಿ ಕಟ್ಟುವುದು ಆತುರದ ಕೆಲಸ. ಹಾಸು-ಹೊಕ್ಕುಗಳನ್ನು ಎಣಿಸಿ ಹೊಲಿಯುವವರು, ಎರಡೂ ಮುಖ ಚೆನ್ನಾಗಿರಲೆಂದು ಬಯಸಿದರೆ, ಎಲ್ಲಿದ್ದರೂ ಈ ದಾರಿಯನ್ನೇ ಕಂಡುಕೊಳ್ಳುತ್ತಾರೆ.

ಆ ಬಯಕೆ ನಮ್ಮಲ್ಲಿ ಹುಟ್ಟಿದ್ದಕ್ಕೆ ಸೀರೆಯೇ ಕಾರಣವಿರಬೇಕು. ಇಳಕಲ್ ಸೀರೆಯ ಒಡಲಲ್ಲಿ, ಅದರಲ್ಲೂ ಚಂದ್ರಕಾಳಿ ಎಂಬ ಕಪ್ಪು ಸೀರೆಯಲ್ಲಿ, ಸೆರಗಿಗೆ ಹತ್ತಿರ ದೊಡ್ಡ ಚಿತ್ತಾರ ಹಾಕಿ, ದೂರ ಸರಿದಂತೆ ಚಿಕ್ಕದು ಮಾಡುತ್ತ ಹೋಗುವುದು ರೂಢಿ. ಹೊದ್ದ ಸೆರಗು ಜಾರುವಾಗ, ತಲೆಯ ಮೇಲೆ ಎಳೆದುಕೊಳ್ಳುವಾಗ ಒಳಮುಖವೂ ಹೊರಬೀಳುತ್ತದೆ, ಬೆನ್ನಿಗೆ ಜೋತ ದಾರಗಳಿದ್ದರೆ ಬಳೆಗೆ ಕಾಲುಂಗುರಕ್ಕೆ ಸಿಕ್ಕಿ ಕೀಳುತ್ತವೆ. ಜೊತೆಗೆ ಕೈಮಗ್ಗದ ಬಟ್ಟೆಯ ಎಳೆ ಕಣ್ಣಿಗೆ ಎಣಿಸಲು ಸಿಗುತ್ತಿತ್ತು. ಈಗ ನುಣುಪು ರೇಷ್ಮೆ, ಕ್ರೇಪುಗಳ ಮೇಲೆ ಹಾಕುವಾಗ ಬಿಡಿನೇಯ್ಗೆಯ ಜಾಳಿ ಬಟ್ಟೆಯನ್ನು ಮೇಲೆ ಟಾಕಿ, ಅದರ ಎಳೆ ಎಣಿಸಿ ಹೊಲಿದು, ಆಮೇಲೆ ಎಳೆಎಳೆಯಾಗಿ ಎಳೆದು ತೆಗೆಯುತ್ತಾರೆ. ಯಂತ್ರದ ಕಸೂತಿಗೆ ಮೇಲೊಂದು, ಕೆಳಗೊಂದು ದಾರ ಬೇಕು. ಹೋಗಿ ಬರುವ ಒಂದೇ ದಾರದ ಈ ನಡೆ ಅದಕ್ಕೆ ಒಗ್ಗದು. ಕೈಕೆಲಸವೋ ಅಲ್ಲವೋ ಎಂಬ ಅನುಮಾನ ಬಂದವರು ಬೆಲೆಚೀಟಿ ಬಿಟ್ಟು ಬಟ್ಟೆಯ ಬೆನ್ನು ನೋಡುವುದು ಮೇಲು.

ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಚಿತ್ತಾರಗಳ ಪಟ್ಟಿ, ನಮೂನೆ ಪುಸ್ತಕ, ಚೌಕದ ಹಾಳೆಯ ನಕ್ಷೆಗಳಿಗೂ ಕೊರತೆಯಿಲ್ಲ. ಆದರೆ ಇಂಥ ನಕ್ಷೆ ತೋರಿಸುವುದು ಮುಗಿದ ಆಕೃತಿಯನ್ನು, ಸೂಜಿ ನಡೆದ ಕ್ರಮವನ್ನಲ್ಲ. ಮೇಲೆ ಹೇಳಿದ ನಾಲ್ಕು ತೋಳಿನ ಆಕೃತಿಯನ್ನೇ ಕೆಳತುದಿಯಿಂದ ಶುರುಮಾಡಿ 6 ಬೇರೆ ಬೇರೆ ಕ್ರಮದಲ್ಲಿ ಹೊಲಿಯಬಹುದು, ಮುಗಿದ ಮೇಲೆ ಆರೂ ಒಂದೇ ಥರ. ಒಂದು ಗೋಪುರಕ್ಕೆ ಇಂಥ ದಾರಿಗಳು ಎಣಿಕೆಗೆ ಸಿಗದಷ್ಟಿರುತ್ತವೆ. ಅವುಗಳಲ್ಲಿ ಒಬ್ಬಾಕೆ ಆರಿಸಿಕೊಳ್ಳುವುದು ಯಾವುದನ್ನು, ಮಗಳಿಗೆ ಕಲಿಸುವುದು ಯಾವುದನ್ನು, ಒಂದೇ ಚಿತ್ತಾರಕ್ಕೆ ಧಾರವಾಡದ ದಾರಿಯೂ ಬಾಗಲಕೋಟೆಯ ದಾರಿಯೂ ಬೇರೆಯೆ ಎಂಬ ಪ್ರಶ್ನೆಗಳಿಗೆ ಚಿತ್ರ ಸಾಲದು. ಹೊಲಿಯುವವರ ಪಕ್ಕದಲ್ಲಿ ಕೂತು, ಹೊಲಿಗೆಗೊಂದು ಅಂಕಿ, ದಿಕ್ಕಿಗೊಂದು ಬಾಣ ಹಾಕಿ, ಮುಂಬದಿಯನ್ನೂ ಹಿಂಬದಿಯನ್ನೂ ಬೇರೆ ಬಣ್ಣದಲ್ಲಿ ಗುರುತಿಸಿ ದಾಖಲಿಸಬೇಕು. ಈ ಕೆಲಸವನ್ನು ಚಿಕ್ಕ ಚಿತ್ತಾರಗಳಿಂದಲ್ಲ, ಕವಲು ಹೆಚ್ಚಿರುವ ತೇರು, ಗೋಪುರಗಳಿಂದಲೇ ಆರಂಭಿಸುವುದು ಒಳ್ಳೆಯದು. ದಾರಿಗಳ ನಡುವಿನ ವ್ಯತ್ಯಾಸ ಎದ್ದು ಕಾಣುವುದು ಅಲ್ಲೇ.